ಇಪ್ಪತ್ತು ಸಹಿ, ಹದಿಮೂರು ಚುಕ್ಕೆ

ಗಣಿತದಲ್ಲಿ ಒಂದು ಸಲ ಸಾಬೀತಾದದ್ದು ಮತ್ತೆ ಸುಳ್ಳಾಗುವುದಿಲ್ಲ ಅಂತಾರೆ. ನಮ್ಮ ವಿಭಾಗದ ಬುಧವಾರದ ಸೆಮಿನಾರಿನಲ್ಲಿ ಒಂದು ಸಲ ಆದ ಎಡವಟ್ಟು ಮತ್ತೆ ಆಗದೆ ಇರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಆರು ವರ್ಷ ಕೂತು ನೋಡಿದವಳು ನಾನು. ತಮಿಳು ಸೀಮೆಯ ಗಡಿಯ ಮತ್ತಿಗಿರಿಯಿಂದ ಎರಡು ಬಸ್ಸು ಬದಲಾಯಿಸಿ, ಕೃಷ್ಣಗಿರಿ ರಸ್ತೆಯ ಪಕ್ಕದ ವಿಶ್ವವಿದ್ಯಾಲಯಕ್ಕೆ ಶುದ್ಧ ಗಣಿತದಲ್ಲಿ ಪಿಎಚ್.ಡಿ. ಮಾಡಲು ಹೋಗುತ್ತಿದ್ದೆ. ಶುದ್ಧ ಗಣಿತ ಅಂದರೆ ಯಾವ ಕೆಲಸಕ್ಕೂ ಬಾರದಿರುವುದನ್ನೇ ಹೆಮ್ಮೆ ಅಂದುಕೊಂಡ ಗಣಿತ. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಮೊದಲ ವರ್ಷವೇ ಕೇಳಿದ್ದರು.

"ಅಲ್ಲಿ ಏನ್ ತಯಾರ್ ಮಾಡ್ತೀರಾ?"

"ಪ್ರಮೇಯ."

"ಯಾರ್ ತಗೋತಾರೆ?"



ನನ್ನ ಕಷ್ಟವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಸಂಶೋಧಕರು ಸೆಮಿನಾರಿನಲ್ಲಿ ಒಂದು ಗಂಟೆ ಮಾತಾಡಬೇಕು. ಕೇಳಿದವರ ಇಪ್ಪತ್ತು ಸಹಿ ಬೀಳಬೇಕು. ಹೊರಗಿನಿಂದ ಬಂದ ತಜ್ಞರೊಬ್ಬರು 'ತೃಪ್ತಿಕರ' ಅಂತ ಬರೆದು ಕೊಡಬೇಕು. ನನ್ನ ಅವಧಿಯನ್ನು ಆಗಲೇ ಎರಡು ಸಲ ವಿಸ್ತರಿಸಿದ್ದರು. ಆರನೇ ವರ್ಷದ ಜೂನ್ ತಿಂಗಳೊಳಗೆ ಇದೆಲ್ಲ ಆಗದಿದ್ದರೆ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಶಾಲಿನ ಸೆಮಿನಾರು

ನಮ್ಮ ಕಡೆ ಅತಿಥಿ ಬಂದರೆ ಪೊನ್ನಾಡೈ ಹೊದಿಸದೆ ಬಾಯಿ ಬಿಡಿಸುವುದಿಲ್ಲ. ಪೊನ್ನಾಡೈ ಅಂದರೆ ಜರಿಯ ಶಾಲು, ತಮಿಳರ ಮರ್ಯಾದೆ. ಒಂದು ಸಲ ಚೆನ್ನೈನಿಂದ ಬಹಳ ದೊಡ್ಡವರು ಬಂದಿದ್ದರು. ಭಾಷಣ ಮೂರರಿಂದ ನಾಲ್ಕು ಗಂಟೆ. ಪ್ರಾರ್ಥನೆ ಆಯಿತು. ಡೀನ್‌ಗೆ ಶಾಲು, ವಿಭಾಗದ ಮುಖ್ಯಸ್ಥರಿಗೆ ಶಾಲು, ಅತಿಥಿಗೆ ಶಾಲು, ಶಾಲು ಹೊದಿಸಿದವರಿಗೂ ಒಂದು ಶಾಲು. ಆಮೇಲೆ ಒಬ್ಬರು ಎದ್ದು ಅತಿಥಿಯ ಪ್ರಕಟಿತ ಲೇಖನಗಳ ಪಟ್ಟಿಯನ್ನು ಪುಟಸಂಖ್ಯೆ ಸಮೇತ ಓದಿದರು. ಮೈಕು ಅತಿಥಿಯ ಕೈಗೆ ಬರುವಾಗ ನಾಲ್ಕಕ್ಕೆ ಐದು ನಿಮಿಷ. ಅವರು ಬೋರ್ಡಿನ ಮೇಲೆ 'ಜಿ ಒಂದು ಗ್ರೂಪ್ ಆಗಿರಲಿ' ಅಂತ ಪೀಠಿಕೆಯ ಒಂದೇ ಒಂದು ಸಾಲು ಬರೆದರು. ಅಷ್ಟರಲ್ಲಿ ವಂದನಾರ್ಪಣೆಯವರು ಎದ್ದು ಗಂಟಲು ಸರಿಮಾಡಿಕೊಂಡರು.

ನಮ್ಮ ಅಟೆಂಡರ್ ರಾಯಕೋಟೆಯವರು. ಮೂವತ್ತು ವರ್ಷದಿಂದ ಅದೇ ಬೋರ್ಡು ಒರೆಸುತ್ತಿದ್ದಾರೆ. ಎಲ್ಲರೂ ಹೋದ ಮೇಲೆ ಡಸ್ಟರ್ ಹಿಡಿದು ಬಂದವರು ಆ ಒಂದು ಸಾಲು ನೋಡಿ ಕೈಮುಗಿದರು. "ಇಂಥೋರೇ ಬರ್ಬೇಕು ಕಣಮ್ಮ. ಒರ್ಸೋಕೇ ಏನೂ ಮಡಗಿಲ್ಲ."

ವಿಭಾಗದ ವಾರ್ಷಿಕ ವರದಿಯಲ್ಲಿ ಅದನ್ನು 'ಯಾರಿಗೂ ಯಾವ ಸಂದೇಹವೂ ಉಳಿಯದ ಉಪನ್ಯಾಸ' ಅಂತ ಬರೆದರು. ಆ ವರದಿಯಲ್ಲಿದ್ದ ನಿಜ ಅದೊಂದೇ.

ನಿದ್ದೆಯಲ್ಲಿ ಹುಟ್ಟಿದ ಪ್ರಶ್ನೆ

ನಮ್ಮ ಮುಖ್ಯಸ್ಥರು ಮೊದಲ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕೂರುತ್ತಿದ್ದರು. ಮೊದಲ ವ್ಯಾಖ್ಯೆ ಮುಗಿಯುವಷ್ಟರಲ್ಲಿ ಕುತ್ತಿಗೆ ವಾಲುತ್ತಿತ್ತು. ಕೊನೆಯ ಚಪ್ಪಾಳೆಗೆ ಎಚ್ಚರ. ಎದ್ದ ಕೂಡಲೇ ಒಂದೇ ಪ್ರಶ್ನೆ: "ಇದನ್ನು ಅನಂತಕ್ಕೂ ವಿಸ್ತರಿಸಬಹುದೇ?" ಯಾವ ಭಾಷಣಕ್ಕಾದರೂ ಹೊಂದುವ ಪ್ರಶ್ನೆ ಅದು. ಹೌದು ಅಂದರೆ "ಗುಡ್", ಇಲ್ಲ ಅಂದರೆ "ಯೋಚಿಸಿ" ಅನ್ನುತ್ತಿದ್ದರು.

ಒಂದು ಬುಧವಾರ ಬಂದಿದ್ದ ತರುಣನ ಭಾಷಣ ಪೂರ್ತಿ ಅನಂತ ಗಣಗಳ ಮೇಲೆಯೇ. ಚಪ್ಪಾಳೆ ಬಿತ್ತು, ಇವರು ಎದ್ದರು, ಪ್ರಶ್ನೆ ಬಂತು. ತರುಣ ತಬ್ಬಿಬ್ಬಾಗಿ, "ಸಾರ್, ನಾನು ಒಂದು ಗಂಟೆ ಮಾತಾಡಿದ್ದೇ ಅನಂತದ ಬಗ್ಗೆ" ಅಂದ.

ಇವತ್ತು ಸಿಕ್ಕಿಬಿದ್ದರು ಅಂತ ಹಿಂದಿನ ಬೆಂಚಿನಲ್ಲಿ ನಾವು ಒಳಗೊಳಗೇ ಕುಣಿದೆವು. ಮುಖ್ಯಸ್ಥರು ಕಣ್ಣುಜ್ಜಿಕೊಂಡು, "ಗೊತ್ತು. ಅದಕ್ಕಿಂತ ದೊಡ್ಡ ಅನಂತಕ್ಕೆ?" ಅಂದರು.

ಗಣಿತದಲ್ಲಿ ಅನಂತಗಳಲ್ಲೂ ಚಿಕ್ಕದು ದೊಡ್ಡದು ಇವೆ. ಪಾಪ, ಆ ಹುಡುಗ ಚಿಕ್ಕ ಅನಂತವನ್ನಷ್ಟೇ ನೋಡಿಕೊಂಡಿದ್ದ. ಮುಖ ಬಿಳಿಚಿಕೊಂಡು ಪ್ರಶ್ನೆ ಬರೆದುಕೊಂಡು ಹೋದ. ಮುಂದಿನ ವರ್ಷ ಅದರ ಮೇಲೆ ಒಳ್ಳೆಯ ಲೇಖನವನ್ನೇ ಪ್ರಕಟಿಸಿದ. ಕೊನೆಯಲ್ಲಿ 'ಇಷ್ಟು ಆಳವಾದ ಪ್ರಶ್ನೆ ಕೇಳಿದ ಪ್ರಾಧ್ಯಾಪಕರಿಗೆ ಕೃತಜ್ಞತೆ' ಅಂತ ಇವರ ಹೆಸರು. ಮುಖ್ಯಸ್ಥರು ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ನಮ್ಮನ್ನೆಲ್ಲ ಕರೆದು ತೋರಿಸಿದರು.

"ನೋಡಿ, ನೀವೆಲ್ಲ ಎಚ್ಚರವಾಗಿ ಕೂತು ಏನು ಸಾಧಿಸಿದಿರಿ?"

ತಲೆ ಎಣಿಕೆ

ಇಪ್ಪತ್ತು ಸಹಿಗೆ ಇಪ್ಪತ್ತು ಜನ ಬೇಕಲ್ಲ, ಶುದ್ಧ ಗಣಿತ ಕೇಳಲು ಬರುವವರು ಯಾರು? ಆ ಜವಾಬ್ದಾರಿಯೂ ಅಟೆಂಡರರದೇ. ಕಾಮರ್ಸ್ ವಿದ್ಯಾರ್ಥಿಗಳನ್ನು ಮಸಾಲೆ ವಡೆ ತೋರಿಸಿ ಕರೆತರುತ್ತಿದ್ದರು. ಒಂದು ದಿನ ತೋಟದ ಕೆಲಸದವನನ್ನು ಕರೆದದ್ದು ನನ್ನ ಕಿವಿಗೇ ಬಿತ್ತು.

"ಬಾ ಕಣ್ಲಾ. ಒಂದ್ ಸೈನ್ ಹಾಕ್ಬುಟ್ಟು ಕೂತ್ಕೋ."

"ಅಲ್ಲೇನ್ಲಾ ಯೋಳ್ತಾರೆ?"

"ಅದು ಯೋಳೋರ್ಗೂ ತಿಳೀದು. ಫ್ಯಾನ್ ಐತೆ, ಬಾ."

ಅವತ್ತು ಕ್ಯಾಂಟೀನಿನವನು ವಡೆಯನ್ನು ಭಾಷಣಕ್ಕೆ ಮುಂಚೆಯೇ ತಂದಿಟ್ಟ. ಜನ ತಿಂದರು, ಸಹಿ ಹಾಕಿದರು, ಕೈ ತೊಳೆಯಲು ಹೋದವರು ಬರಲೇ ಇಲ್ಲ. ಉಳಿದವರು ಭಾಷಣಕಾರರು, ನಿದ್ದೆಗೆ ಜಾರಿದ ಮುಖ್ಯಸ್ಥರು, ನನ್ನ ಗೈಡು ಮತ್ತು ನಾನು. ನನ್ನ ಗೈಡ್ ಎಣಿಕೆಯ ಗಣಿತದಲ್ಲಿ ಹೆಸರು ಮಾಡಿದವರು. ನಾನು ಮೆಲ್ಲಗೆ, "ಸಾರ್, ಇಪ್ಪತ್ತು ಸಹಿ ಇದೆ, ನಾಲ್ಕೇ ತಲೆ ಇದೆ" ಅಂದೆ.

"ಆರು ವರ್ಷವಾಯಿತು, ಇನ್ನೂ ಕಲಿಯಲಿಲ್ಲವಲ್ಲಮ್ಮ" ಅಂತ ಅವರು ತಮಿಳಿನಲ್ಲಿ ನಿಟ್ಟುಸಿರುಬಿಟ್ಟರು. "ಶುದ್ಧ ಗಣಿತದಲ್ಲಿ ಇಪ್ಪತ್ತು ಜನ ಇದ್ದಾರೆ ಅಂತ ಸಾಬೀತುಮಾಡಿದರೆ ಸಾಕು. ಎಲ್ಲಿದ್ದಾರೆ ಅಂತ ತೋರಿಸಬೇಕಾಗಿಲ್ಲ."

ನನ್ನ ಸರದಿ

ಜೂನ್ ಕೊನೆಯ ಬುಧವಾರ ನನ್ನ ಭಾಷಣ. ತಪ್ಪಿದರೆ ಇನ್ನೊಂದು ಬುಧವಾರ ಇರಲಿಲ್ಲ. ತಜ್ಞರಾಗಿ ಬಂದವರು ಬೆಂಗಳೂರಿನ ಪ್ರೊಫೆಸರ್, ಕನ್ನಡದವರು. ಅವರಿಗೂ ನನ್ನ ಗೈಡಿಗೂ ಎಣ್ಣೆ ಸೀಗೆಕಾಯಿ. ಹಿಂದೆ ಒಂದು ಪ್ರಮೇಯವನ್ನು ಇಬ್ಬರೂ ನನ್ನದು ನನ್ನದು ಅಂತ ಕಿತ್ತಾಡಿದ್ದರು.

ನನ್ನ ವಿಷಯ ಕೇಳಲು ಸುಲಭ. ಒಂದಷ್ಟು ಚುಕ್ಕೆ, ಅವನ್ನು ಕೂಡಿಸುವ ಗೆರೆ, ನಮ್ಮ ಬಾಗಿಲ ರಂಗೋಲಿಯ ಹಾಗೆ. ಗೆರೆಯಿಂದ ಕೂಡಿದ ಎರಡು ಚುಕ್ಕೆಗೆ ಒಂದೇ ಬಣ್ಣ ಬಳಿಯಬಾರದು. ಇಂತಿಂಥ ಲಕ್ಷಣದ ಚಿತ್ರಕ್ಕೆ ಮೂರೇ ಬಣ್ಣ ಸಾಕು ಅನ್ನುವುದು ನನ್ನ ಪ್ರಮೇಯ. ಈ ಒಂದು ವಾಕ್ಯಕ್ಕೆ ನನ್ನ ಆರು ವರ್ಷ ಹೋಗಿತ್ತು.

ನಲವತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಗ ತಜ್ಞರು ಎದ್ದರು. "ನಿಲ್ಲಿಸಿ ಅಮ್ಮ. ಇದು ತಪ್ಪು." ಬೋರ್ಡಿನ ಹತ್ತಿರ ಬಂದು ಹದಿಮೂರು ಚುಕ್ಕೆಯ ಒಂದು ಚಿತ್ರ ಬರೆದರು. "ನೀವು ಹೇಳಿದ ಲಕ್ಷಣ ಎಲ್ಲಾ ಇದಕ್ಕಿದೆ. ಎಲ್ಲಿ, ಮೂರು ಬಣ್ಣ ಹಾಕಿ ನೋಡೋಣ."

ಬಣ್ಣದ ಚಾಕ್‌ಪೀಸ್ ಹಿಡಿದು ಶುರುಮಾಡಿದೆ. ಹನ್ನೆರಡು ಚುಕ್ಕೆಗೆ ಬಣ್ಣ ಸಿಕ್ಕಿತು, ಹದಿಮೂರನೆಯದಕ್ಕೆ ಮೂರರಲ್ಲಿ ಯಾವುದೂ ಒಗ್ಗಲಿಲ್ಲ. ಅಳಿಸಿ ಬೇರೆ ಥರ ಹಾಕಿದೆ, ಆಗಲಿಲ್ಲ. ಗೈಡ್ ಬಂದು ಹಾಕಿದರು, ಆಗಲಿಲ್ಲ. ಕಾಮರ್ಸ್ ಹುಡುಗಿಯರು ವಡೆ ಮರೆತು ಬಂದು ಹಾಕಿದರು. ಅಟೆಂಡರ್ ಫೋಟೋ ತೆಗೆದು ತಮ್ಮ ಹೆಂಡತಿಗೆ ಕಳಿಸಿದರು. ಆಯಮ್ಮ ಫೋನ್ ಮಾಡಿ, "ಅದ್ಯಾಕೆ ಅಷ್ಟೊಂದ್ ಒದ್ದಾಡ್ತೀರಾ, ಇನ್ನೊಂದ್ ಬಣ್ಣ ಹಾಕ್ಬಾರ್ದಾ?" ಅಂದಿತು.

ತಜ್ಞರು ಮೀಸೆಯಡಿ ನಗುತ್ತಾ ನಿಂತಿದ್ದರು. "ಅಷ್ಟೇ. ನಾಲ್ಕು ಬಣ್ಣ ಬೇಕೇಬೇಕು. ಮೂರರಲ್ಲಿ ಈ ಜನ್ಮದಲ್ಲಿ ಆಗಲ್ಲ." ನನಗೆ ಅಳು ಒತ್ತರಿಸಿ ಬಂತು.

ಆಗ ಗೈಡ್ ನನ್ನ ಪ್ರಬಂಧದ ಕರಡನ್ನು ನಿಧಾನವಾಗಿ ತಿರುವಿ ಒಂದು ಪುಟದಲ್ಲಿ ಬೆರಳಿಟ್ಟರು. "ಸಾರ್, ಇವಳು ಸಾಬೀತುಮಾಡಿದ ದಾರಿಯಲ್ಲಿ ಉಳಿದ ಮೆಟ್ಟಿಲೆಲ್ಲ ಗಟ್ಟಿ ಇವೆ. ಮೂರನೆಯದು ಇವಳದಲ್ಲ, ನೀವು ಇಪ್ಪತ್ತು ವರ್ಷದ ಹಿಂದೆ ಪ್ರಕಟಿಸಿದ ಪ್ರಮೇಯ. ನಿಮ್ಮ ಚಿತ್ರ ಸರಿಯಾದರೆ ಅದೇ ತಪ್ಪಾಗುತ್ತದಲ್ಲ?"

ಆ ಪ್ರಮೇಯದಿಂದಲೇ ಅವರು ಪ್ರೊಫೆಸರ್ ಆದದ್ದು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತಜ್ಞರು ಪುಟ ನೋಡಿದರು, ಬೋರ್ಡು ನೋಡಿದರು. ಆಮೇಲೆ ನನ್ನ ಕೈಯಿಂದ ಮೂರು ಚಾಕ್‌ಪೀಸ್ ಕಿತ್ತುಕೊಂಡು, ಈ ಜನ್ಮದಲ್ಲಿ ಆಗಲ್ಲ ಅಂದ ಚಿತ್ರಕ್ಕೆ ತಾವೇ ಬಣ್ಣ ಹಾಕತೊಡಗಿದರು. ಕಾಲು ಗಂಟೆ ಹಾಕಿದರು. ಅಂಗಿ ತೋಳಿಗೆಲ್ಲ ಹಸಿರು ಕೆಂಪು ಮೆತ್ತಿತು. ಕೊನೆಗೆ ಹದಿಮೂರನೇ ಚುಕ್ಕೆಯನ್ನು ಅಂಗೈಯಿಂದ ಉಜ್ಜಿ ಅಳಿಸಿದರು. "ಈ ಚುಕ್ಕೆ ಅಷ್ಟು ಮುಖ್ಯ ಅಲ್ಲ" ಅಂದರು. "ಎಲ್ಲಿ ಫಾರಂ ಕೊಡಿ." 'ತೃಪ್ತಿಕರ' ಅಂತ ಬರೆದು ಸಹಿ ಹಾಕಿದರು.

ಸುಳ್ಳು ಅಂತ ಗೊತ್ತಾದ ಮೇಲೂ ತೃಪ್ತಿಕರ ಅಂತ ಬರೆದ ಆ ಕೈ ನೋಡಿ ನನಗೆ ಸಿಟ್ಟು ಬಂತು. ಆ ಕಾಗದವನ್ನು ತಟಕ್ಕನೆ ಮಡಿಚಿ ಬ್ಯಾಗಿಗೆ ಹಾಕಿಕೊಂಡ ನನ್ನ ಕೈ ನೋಡಿ ನಾಚಿಕೆಯೂ ಆಯಿತು. ಕಾರಿನವರೆಗೆ ಬೀಳ್ಕೊಡಲು ಹೋದೆ. ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು.

"ಒಂದು ಮಾತಮ್ಮ. ಪ್ರಬಂಧದಲ್ಲಿ ಆ ಮೂರನೇ ಮೆಟ್ಟಿಲಿಗೆ ನನ್ನ ಹೆಸರು ಹಾಕಬೇಡಿ. ನಿಮ್ಮದೇ ಅಂತ ಬರ್ಕೊಳ್ಳಿ. ನನಗೇನೂ ಬೇಜಾರಿಲ್ಲ."

ಒಂದು ಪ್ರಮೇಯಕ್ಕಾಗಿ ವರ್ಷಗಟ್ಟಲೆ ಕಿತ್ತಾಡಿದ ಮನುಷ್ಯ ಈಗ ಇನ್ನೊಂದನ್ನು ದಾನ ಕೊಡುತ್ತಿದ್ದರು.

"ಬೇಡ ಸಾರ್" ಅಂದೆ. "ಪ್ರಮೇಯ ನಿಮ್ಮದೇ. ಅದು ತಪ್ಪು ಅಂತ ತೋರಿಸಿದ ಚಿತ್ರವೂ ನಿಮ್ಮದೇ. ಎರಡಕ್ಕೂ ನಿಮ್ಮ ಹೆಸರೇ ಹಾಕಿ, ಅದನ್ನೇ ಕೊನೇ ಅಧ್ಯಾಯ ಮಾಡ್ತೀನಿ."

ಅವರ ಮುಖ ಕೆಂಪಾಯಿತು. "ಪ್ರಮೇಯಾನೂ ನಂದು, ಅದರ ತಪ್ಪು ಹಿಡಿದದ್ದೂ ನಾನು. ಮತ್ತೆ ಪ್ರಬಂಧದಲ್ಲಿ ನಿಮ್ಮದು ಅಂತ ಏನಮ್ಮ ಇರುತ್ತೆ?"

ಬ್ಯಾಗು ತಟ್ಟಿ, "ನಿಮ್ಮ ಸಹಿ, ಸಾರ್" ಅಂದೆ.