ಹವಾಮಾನ ಸಭೆಯಲ್ಲಿ ನನ್ನ ಮೂರು ನಿಮಿಷ

ಜಗತ್ತಿನ ಹವಾಮಾನವನ್ನು ನೇರ್ಪಡಿಸಲು ಮೂರು ನಿಮಿಷ ಧಾರಾಳವಾಗಿ ಸಾಕೆಂಬುದು ನನ್ನ ಅಚಲ ನಂಬಿಕೆಯಾಗಿತ್ತು. ಇತರರಿಗೆ ವರ್ಷಗಟ್ಟಲೆ ಹಿಡಿಯುತ್ತಿರುವುದು ಅವರು ನೇರವಾಗಿ ವಿಷಯಕ್ಕೆ ಬಾರದಿರುವುದರಿಂದ!

ಕೋತಗಿರಿಯ ಆಚೆ ನಮ್ಮ ಹಟ್ಟಿಯ ನೆತ್ತಿಯ ಮೇಲೊಂದು ಹುಲ್ಲುಗುಡ್ಡ, ಅದರ ಮಡಿಲಲ್ಲೊಂದು ಜೌಗು. ಹಟ್ಟಿ ಕುಡಿಯುವ ನೀರೆಲ್ಲ ಅಲ್ಲಿಯದೇ. ಆ ಹುಲ್ಲಿನ ಮೇಲೆ ಸಾಲುಸಾಲಾಗಿ ಮರ ನೆಟ್ಟು ತನ್ನ ಹೊಗೆಯ ಪಾಪವನ್ನು ತೊಳೆದುಕೊಳ್ಳಲು ದೂರದೇಶದ ಕಂಪನಿಯೊಂದು ಹೊರಟಿತ್ತು. ಮರ ನೆಟ್ಟರೆ ಮಳೆ ಬರುವುದೆಂದು ಗೋಡೆಗೋಡೆಯ ಮೇಲೆ ಬರೆದಿದೆ, ನಿಜ. ಆದರೆ ನಾನು ಗೋಡೆಗಳನ್ನು ನಂಬುವವನಲ್ಲ. ಪಕ್ಕದ ಗುಡ್ಡಕ್ಕೆ ನೀಲಗಿರಿ ಮರ ನೆಟ್ಟ ಮೇಲೆ ಅಲ್ಲಿನ ಒರತೆ ಬತ್ತಿದ್ದನ್ನು ಕಣ್ಣಾರೆ ಕಂಡವನು.

ಇದನ್ನು ಅಂತಾರಾಷ್ಟ್ರೀಯ ಹವಾಮಾನ ಸಭೆಯಲ್ಲಿ ಪರದೆಯ ಮೂಲಕ ಹೇಳಲು ನಮ್ಮ ಹಟ್ಟಿಗೆ ಮೂರು ನಿಮಿಷ ದೊರೆಯಿತು. ಕಂಪನಿಯ ಪ್ರತಿನಿಧಿಯೂ ಅಲ್ಲಿರುವವನಿದ್ದ. ಏರ್ಪಾಡು ಮಾಡಿದವಳು ನೆರೆಮನೆಯ ಸುಮತಿ, ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳೇ ಒಂದು ಭಾಷಣವನ್ನೂ ಬರೆದು ತಂದಳು.

"ಇರುವೆ ಸಾಲು ನೋಡಿ ಎಂಗ ಹಿರಿಯರು ಮಳೆ ಹೇಳ್ತಿದ್ರು ಅಂತ ಶುರು ಮಾಡಿ, ಮಾವ."

"ಯಾವ ಹಿರಿಯರು?"

"ಪುಸ್ತಕದಲ್ಲಿ ಇದೆ."

"ಎಂಗ ಮನೆ ಇರುವೆಗೆ ಸಕ್ಕರೆ ಡಬ್ಬಿ ಬಿಟ್ಟರೆ ಬೇರೇನೂ ಗೊತ್ತಿಲ್ಲಮ್ಮ! ನಾನೇ ಮಾತಾಡ್ತೀನಿ, ಬಿಡು."

ಸಮುದಾಯ ಭವನದಲ್ಲಿ ಹಟ್ಟಿಗೆ ಹಟ್ಟಿಯೇ ನೆರೆಯಿತು. ಪರದೆಯಲ್ಲಿ ಸಭೆಯ ಅಧ್ಯಕ್ಷೆ, ನನ್ನ ಮೊಮ್ಮಗಳ ವಯಸ್ಸಿನವಳು, ನನ್ನ ಹೆಸರನ್ನು ಹೇಗೋ ಉಚ್ಚರಿಸಿ, ಮುಗುಳ್ನಕ್ಕು, ತಲೆ ಬಾಗಿಸಿದಳು.

ಇಲ್ಲಿಯೇ ಅನಾಹುತ ಸಂಭವಿಸಿತು. ಕಿರಿಯರು ತಲೆ ಬಾಗಿಸಿದರೆ ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಲೇಬೇಕೆಂಬುದು ನಮ್ಮ ಸೀಮೆಯ ಕಟ್ಟಳೆ. ಹರಕೆಯನ್ನು ನಡುವೆ ತುಂಡರಿಸುವಂತೆಯೂ ಇಲ್ಲ. ನಾನು ಎದ್ದುಹೋಗಿ ಪರದೆಯ ಮೇಲೆ ಅಂಗೈ ಊರಿದೆ.

"ಒಂದು ಸಾವಿರವಾಗಲಿ! ಮನೆ ತುಂಬ ಮಕ್ಕಳಾಗಲಿ, ಕೊಟ್ಟಿಗೆ ತುಂಬ ಎಮ್ಮೆಯಾಗಲಿ..."

"ಮಾವಾ! ಅವಳು ಗಡಿಯಾರ ನೋಡಿದ್ದು!" ಎಂದು ಸುಮತಿ ಪಿಸುಗುಟ್ಟಿದಳು.

ಅಷ್ಟರಲ್ಲಿ ಅಧ್ಯಕ್ಷೆ ತಲೆಯೆತ್ತಿದ್ದರಿಂದ ನನ್ನ ಅಂಗೈ ಆಕೆಯ ಮೂಗಿನ ಮೇಲಿತ್ತು. ಅತ್ತ ದುಭಾಷಿಯು ನನ್ನ ಎಮ್ಮೆಗಳನ್ನು ಅತ್ಯಂತ ಗಂಭೀರವಾಗಿ ಇಂಗ್ಲಿಷಿಗೆ ಸಾಗಿಸುತ್ತಿದ್ದ. ಅದನ್ನು ಕೇಳಿ, ಬೇರಾವುದೋ ಖಂಡದ ಕಾಡಿನಿಂದ ಬಂದಿದ್ದ ಮುದುಕರೊಬ್ಬರು ಗರಿಯ ಕಿರೀಟ ತೆಗೆದು ತಲೆಬಾಗಿದರು. ಒಲ್ಲೆನೆನ್ನಲಾದೀತೇ? ಅವರನ್ನೂ ಹರಸಿದೆ. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಒಂದು ಬೋಳು ತಲೆ. ಅದಕ್ಕೆ ನಾನು ಮನಃಪೂರ್ವಕವಾಗಿ ಹೇಳಿದೆ:

"ನೀ ನೆಟ್ಟದ್ದೆಲ್ಲ ಚಿಗುರಲಿ, ಮಗಾ!"

ಸುಮತಿ ಮುಖ ಮುಚ್ಚಿಕೊಂಡಳು. "ಅವನೇ ಮಾವ, ಕಂಪನಿಯವನು!"

ಯಾವನು ನಮ್ಮ ಗುಡ್ಡದಲ್ಲಿ ಮರ ನೆಡಬಾರದೋ ಅವನನ್ನೇ, ಸಕಲ ರಾಷ್ಟ್ರಗಳ ಸಮ್ಮುಖದಲ್ಲಿ, ಹಟ್ಟಿಯ ಪರವಾಗಿ ಹರಸಿದ್ದೆ! ಕೊಟ್ಟ ಹರಕೆಯನ್ನು ಹಿಂಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ಅತ್ತ ಗಂಟೆ ಬಾರಿಸಿಯೂ ಬಿಟ್ಟರು.

ಆಗ ನನ್ನ ಹೆಂಡತಿ ಮಾದಿ ನನ್ನನ್ನು ಮೊಣಕೈಯಿಂದ ಬದಿಗೆ ಸರಿಸಿ, ಅದೇ ಬೋಳು ತಲೆಯ ಮೇಲೆ ತನ್ನ ಕೈಯಿಟ್ಟಳು.

"ಚಿಗುರಲಿ, ಮಗಾ. ನಿನ್ನ ಊರಲ್ಲೇ ಚಿಗುರಲಿ! ಎಂಗ ಹುಲ್ಲ ಮೇಲೆ ಮಾತ್ರ ನೆಡಬೇಡ. ಇರೋ ನೀರೆಲ್ಲ ಮರ ಕುಡಿದ್ರೆ, ಎಂಗ ಏನ ಕುಡಿಯೋದು?"

ದುಭಾಷಿ ಹೇಳಿ ಮುಗಿಸಿದೊಡನೆ ಅಲ್ಲಿ ಚಪ್ಪಾಳೆಯೋ ಚಪ್ಪಾಳೆ! ಕಂಪನಿಯವನು ಎದ್ದುನಿಂತು, ಹಟ್ಟಿಯ ಒಪ್ಪಿಗೆಯಿಲ್ಲದೆ ಒಂದು ಗಿಡವನ್ನೂ ನೆಡುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟ. ಇಲ್ಲಿ ನಮ್ಮವರು ಹೋ ಎಂದು ಕುಣಿದರು. ನಾನೂ ಕುಣಿದೆ, ಗೆಲುವಿನಲ್ಲಿ ನನ್ನ ಪಾಲೂ ಇತ್ತಲ್ಲ!

ವಾರದ ಬಳಿಕ ಸುಮತಿ ಬಂದಳು. "ಮುಂದಿನ ಸಭೆಗೂ ಕರೆದಿದ್ದಾರೆ, ಮಾವ. ಮಾತಾಡೋದು ಅತ್ತೆ. ನೀವು ಪಕ್ಕದಲ್ಲಿ ಕೂರಬೇಕಂತೆ."

"ಒಂದು ಮಾತೂ ಆಡದೆ?"

"ಕೈನೂ ಎತ್ತದೆ, ಮಾವ."

ವಿಶ್ವದ ಹಿತದೃಷ್ಟಿಯಿಂದ ಒಪ್ಪಿಕೊಂಡಿದ್ದೇನೆ!