ಮೂರು ಫ್ಲಾಪಿ, ನಲವತ್ತೆರಡನೆಯ ವರ

ನಾಗರ ಅಮಾವಾಸ್ಯೆ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ, ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ವಧುವರರ ಕೇಂದ್ರದಲ್ಲಿ, ಎರಡು ಕಂಪ್ಯೂಟರ್‌ಗಳ ನಡುವೆ ನಾನು ನಿಂತಿದ್ದೆ. ಕೈಯಲ್ಲಿ ಮೂರು ಫ್ಲಾಪಿ. ತೊಂಬತ್ತರ ದಶಕ ಮುಗಿಯುತ್ತಿತ್ತು. ಊರಿನಲ್ಲಿ ಕಂಪ್ಯೂಟರ್ ಬಲ್ಲವರು ಕೆಲವೇ ಜನ, ಅವರಲ್ಲಿ ನಾನೊಬ್ಬ ಎಂಬ ನಂಬಿಕೆ ನನಗಿತ್ತು.

ತಿಂಗಳಿಗೊಮ್ಮೆ ಇಡೀ ದಾಖಲೆಯ ನಕಲು ತೆಗೆದು ಕಮಲಾಪುರದ ಶಾಖೆಗೆ ಒಯ್ಯುವುದು ನನ್ನ ಕೆಲಸ. ಮೊದಲ ಫ್ಲಾಪಿಗೆ ವರರ ಪಟ್ಟಿ, ಎರಡನೆಯದಕ್ಕೆ ವಧುಗಳದು, ಮೂರನೆಯದಕ್ಕೆ ಯಾವ ವಧುವಿಗೆ ಯಾವ ನಂಬರಿನ ವರ ಎಂಬ ಜೋಡಿಪಟ್ಟಿ. ಈ ಕೆಲಸಕ್ಕೆ ಯೋಗ್ಯ ದಿನ ಅಮಾವಾಸ್ಯೆ. ಅಂದು ಯಾರೂ ಹೆಸರು ಬರೆಸಲು ಬರುವುದಿಲ್ಲ, ಪಟ್ಟಿ ಅಲುಗಾಡುವುದಿಲ್ಲ. ಆದರೆ ಮಾಲೀಕ ಗುಂಡಪ್ಪನವರು, ಅಮಾವಾಸ್ಯೆಯಂದು ಮುಟ್ಟಿದ ಸಂಬಂಧ ಕೂಡುವುದಿಲ್ಲವೆಂದು ಫ್ಲಾಪಿಗಳನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಹಾಗಾಗಿ ಶ್ರಾವಣ ಸೋಮವಾರದ ನೂಕುನುಗ್ಗಲಿನಲ್ಲಿ ನಕಲು. ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಪಟ್ಟಿಗಳನ್ನು ತಿದ್ದುತ್ತಿದ್ದ ಶಾಂತಾಬಾಯಿ, "ನಾ ಒಂಚೂರು ಕೆಲಸ ನಿಲ್ಲಸಲೇನ್ರೀ?" ಎಂದು ಕೇಳಿದರು.

"ನೀವು ಮಾಡ್ರಿ ಬಾಯಿ. ಅದರ ಪಾಡಿಗೆ ಅದು ನಕಲಾಗ್ತದ."

ಅವರು ಮಾಡಿದರು. ನಾನು ಎರಡನೆಯ ಫ್ಲಾಪಿ ತುರುಕುವಾಗ, ಮದುವೆ ನಿಶ್ಚಯವಾಗಿದ್ದ ಮೂವತ್ತನೆಯ ವರನನ್ನು ಅಳಿಸಿದರು. ಅವನ ಕೆಳಗಿನವರೆಲ್ಲ ಒಂದೊಂದು ನಂಬರು ಮೇಲೆ ಸರಿದರು. ಜೋಡಿಪಟ್ಟಿಯೂ ತಾನಾಗಿ ತಿದ್ದಿಕೊಂಡಿತು. ಆಮೇಲೆ ನಾನು ಅದನ್ನು ಮೂರನೆಯ ಫ್ಲಾಪಿಗೆ ಇಳಿಸಿದೆ. ನನ್ನ ಕೈಯಲ್ಲಿ ಹಳೆಯ ವರರು, ಹೊಸ ನಂಬರುಗಳು! ಇದು ನನಗೆ ತಿಳಿದದ್ದು ಮರುದಿನ.

ಆ ಪಟ್ಟಿಯಲ್ಲಿ ನನ್ನದೂ ಒಂದು ಆಸೆಯಿತ್ತು. ಕಮಲಾಪುರದ ಶಾಖೆ ನೋಡಿಕೊಳ್ಳುತ್ತಿದ್ದ ವಿಮಲಾ ತನ್ನ ಹೆಸರನ್ನೂ ಬರೆಸಿದ್ದಳು. ನಾನು ನಲವತ್ಮೂರನೆಯ ವರ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ, ಹಿಂದಿನ ವಾರ ಅವಳ ಹೆಸರಿನ ಮುಂದೆ ನನ್ನ ನಂಬರನ್ನು ನಾನೇ ಕೂಡಿಸಿದ್ದೆ. ಉಳಿದದ್ದನ್ನು ಕಂಪ್ಯೂಟರ್ ಹೇಳಲಿ!

ಮಧ್ಯಾಹ್ನ ಕಮಲಾಪುರದಲ್ಲಿ ಅವಳು ಪರದೆ ನೋಡಿದಳು. ಪಕ್ಕದಲ್ಲಿ ಅವಳ ತಂದೆ. ಕಂಪ್ಯೂಟರ್ ಹೇಳಿದ್ದು ನಲವತ್ತೆರಡನೆಯ ವರನನ್ನು, ಶರಣಸಿರಸಗಿಯ ಒಬ್ಬ ಮಾಸ್ತರರನ್ನು. ನನ್ನ ಕಳ್ಳತನ ತಿಳಿದು ಗುಂಡಪ್ಪನವರೇ ಬದಲಿಸಿದ್ದಾರೆಂದು ನಾನು ಭಾವಿಸಿದೆ.

ಅವಳು ಬಹಳ ಹೊತ್ತು ಪರದೆಯನ್ನು ನೋಡಿದಳು. ಆಮೇಲೆ ನನ್ನನ್ನು.

"ಮತ್ತೊಮ್ಮೆ ನೋಡ್ರಿ. ನಕಲು ಖರೇ ಅದ ಏನ್ರೀ?"

ಆ ದನಿ ನನಗೆ ಈಗಲೂ ಕೇಳಿಸುತ್ತದೆ. ಅಂದು ಕೇಳಿಸಿದ್ದು ಮಾತ್ರ ನನ್ನ ಕಸುಬಿನ ಮೇಲಿನ ಸಂಶಯ.

"ನೂರಕ್ಕ ನೂರು ಖರೇ ಅದರೀ. ನಾನೇ ತೆಗದೀನಿ."

ತಂದೆ ಸಂತೋಷದಿಂದ ನನಗೆ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಟ್ಟರು. ಮಗಳ ಫೋಟೊ ಹಿಡಿದು, ಕಲಬುರಗಿಗೆ ಮರಳುವ ನನ್ನ ಬಸ್ಸಿನಲ್ಲೇ ಶರಣಸಿರಸಗಿಗೆ ಹೊರಟರು. ಅವರಿಗೆ ಸೀಟು ಹಿಡಿದುಕೊಟ್ಟವನು ನಾನೇ!

ಮರುದಿನ ಕಲಬುರಗಿಯ ಪರದೆಯ ಮೇಲೆ, ವಿಮಲಾಳ ಹೆಸರಿನ ಮುಂದೆ ನಲವತ್ತೆರಡನೆಯ ವರನಾಗಿ ನಾನೇ ಇದ್ದೆ. ಗುಂಡಪ್ಪನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಆ ತಪ್ಪು ಜೋಡಿಗಳನ್ನು ತಿಳಿಸಲು ಕಮಲಾಪುರದಿಂದ ಹೊರಡಬೇಕಿದ್ದ ಉಳಿದ ಪತ್ರಗಳನ್ನು ಅವರು ತಡೆದರು. ಆದರೆ ಶರಣಸಿರಸಗಿಯಲ್ಲಿ ಹಿಂದಿನ ಸಂಜೆಯೇ ಸಂಬಂಧ ಕೂಡಿತೆಂದು ಸಕ್ಕರೆ ಹಂಚಿದ್ದರು.

"ಸಕ್ಕರಿ ತಿಂದ ಮ್ಯಾಲ ನಂಬರ ತಪ್ಪ್ಯದಂತ ಹೇಳಾಕ ಬರ್ತದೇನೋ ತಮ್ಮಾ?" ಎಂದರು ಗುಂಡಪ್ಪನವರು.

ಮುಂದಿನ ತಿಂಗಳಿಂದ ನಕಲು ಅಮಾವಾಸ್ಯೆಗೇ, ಬಾಗಿಲು ಹಾಕಿಕೊಂಡು. ಯಾರ ಸಂಬಂಧವೂ ತಪ್ಪಲಿಲ್ಲ. ಮೇಲಿನವರಿಗೆಲ್ಲ ಮದುವೆಯಾಗುತ್ತ, ನನ್ನ ನಂಬರು ಸರಿಯುತ್ತ ಸರಿಯುತ್ತ ಒಂದಕ್ಕೆ ಬಂದು ನಿಂತಿತು.

ಗುಂಡಪ್ಪನವರು ಈಗಿಲ್ಲ, ವಿಮಲಾಳ ತಂದೆಯೂ ಇಲ್ಲ. ಇದನ್ನು ಕಣ್ಣಾರೆ ಕಂಡವರಲ್ಲಿ ಶಾಂತಾಬಾಯಿ ಇದ್ದಾರೆ, ವಿಮಲಾ ಇದ್ದಾಳೆ. ಮಾಸ್ತರರೂ ಚೆನ್ನಾಗಿದ್ದಾರೆ, ಆದರೆ ಅವರನ್ನು ಸಾಕ್ಷಿ ಎನ್ನಲಾಗದು. ಅವರಿಗೆ ಇಂದಿಗೂ ಕಂಪ್ಯೂಟರ್ ಮೇಲೆ ಅಪಾರ ನಂಬಿಕೆ.