ಎಡಗಡೆಯ ಕೋಳಿಗೆ ಒಂದು ಹಿಡಿ ಹುಳು

ಎಲ್ಲಕ್ಕೂ ಕಾರಣ ಒಂದು ಹಿಡಿ ಹುಳು.

ಕೋಳಿ ಸಂಶೋಧನಾ ಕೇಂದ್ರದಲ್ಲಿ ಮೇವು ಹಾಕುವವನದು ಬೆಣ್ಣೆಯಂಥ ಕರುಳು. ಬಲಗಡೆಯ ಗೂಡಿಗೆ ಒಣಗಿಸಿದ ಹುಳು ಬೆರೆಸಿದ ಹೊಸ ಮೇವು, ಎಡಗಡೆಯದಕ್ಕೆ ಬರೀ ಜೋಳದ ನುಚ್ಚು. ಆರು ವಾರದ ಮೇಲೆ ಎರಡೂ ಕಡೆಯ ಮಾಂಸದ ಪರೀಕ್ಷೆ. ಹುಳು ತಿಂದವುಗಳಲ್ಲಿ ಕೊಬ್ಬು ಕಡಿಮೆ, ಪ್ರೋಟೀನ್ ಹೆಚ್ಚು ಬಂದರೆ ಇವನ ಕೆಲಸ ಕಾಯಂ.

ಆದರೆ ಎಡಗಡೆಯ ಕೋಳಿಗಳು ಜಾಲರಿಗೆ ಕೊಕ್ಕು ತೂರಿಸಿ, ಊಟಕ್ಕೆ ಕರೆಯದೆ ಬಿಟ್ಟ ನೆಂಟರ ಹಾಗೆ ನೋಡುತ್ತಿದ್ದವು. ತಡೆಯಲಾರದೆ ದಿನಕ್ಕೊಂದು ಹಿಡಿ ಹುಳು ಅತ್ತ ಎಸೆದ. ಹುಳುವಿನ ಚೀಲ ಮಾತ್ರ ಬಡಬಡನೆ ಖಾಲಿಯಾಗತೊಡಗಿತು. ತನ್ನ ಹಿಡಿ ಇಷ್ಟು ದೊಡ್ಡದೇ ಎಂದು ಅಂಗೈ ನೋಡಿಕೊಂಡು, ಬಲಗಡೆಯ ಮೇವಿಗೆ ಕಡಿಮೆ ಬಿದ್ದಷ್ಟಕ್ಕೂ ತೌಡು ಸುರಿದ.

ಪರೀಕ್ಷೆಯ ದಿನ ಬೆಳಿಗ್ಗೆ ಥಟ್ಟನೆ ಹೊಳೆಯಿತು. ಎರಡೂ ಕಡೆಯವು ಹುಳು ತಿಂದಿವೆ! ಮಾಂಸ ಒಂದೇ ಥರ ಬಂದರೆ ಕೆಲಸ ಹೋಯಿತೆಂದೇ ಲೆಕ್ಕ. ಪ್ರಯೋಗಾಲಯಕ್ಕೆ ಕೊಡುವ ಎಡಗಡೆಯ ಡಬ್ಬಿಗೆ ಅಂಗಡಿಯ ಮಾಂಸ ತುಂಬಿಬಿಟ್ಟರೆ? ಓಡಿಹೋಗಿ ಮೂಲೆಯ ಕೋಳಿ ಅಂಗಡಿಯಿಂದ ಅರ್ಧ ಕೇಜಿ ತಂದ.

ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತ. "ಏನ್ರೀ ಬ್ಯಾಗಲ್ಲಿ?"

"ಊಟ."

"ಊಟದಿಂದ ರಕ್ತ ಸೋರ್ತಿದೆಯಲ್ರೀ!"

"ಟೊಮೇಟೊ ಒಡೆದಿದೆ."

ವಾಚ್‌ಮನ್ ಬ್ಯಾಗಿನೊಳಗೆ ಇಣುಕಿದ. "ಅಯ್ಯೋ, ಇದು ನನ್ನ ಷಡ್ಡಕನ ಅಂಗಡಿ ಕವರು! ಸಾವಿರ ಕೋಳಿ ಇರೋ ಜಾಗಕ್ಕೆ ಕೋಳಿ ಕೊಂಡು ತರ್ತೀರಲ್ಲ, ತಲೆ ನೆಟ್ಟಗಿದೆಯಾ?"

"ಮನೆಗೆ ಕಣ್ರೀ. ನೆಂಟರು ಬರ್ತಾರೆ."

ನೆಂಟರು ಎಂದಿದ್ದೇ ತಡ, ಗೇಟಿನ ಪಕ್ಕದ ಆಫೀಸಿನ ಗುಮಾಸ್ತೆ ಅಕ್ಕ ಕಿಟಕಿಯಿಂದಲೇ ಕೈಚಾಚಿದರು. "ಬಿಸಿಲಿಗೆ ಕೆಟ್ಟುಹೋಗುತ್ತೆ, ಕೊಡಪ್ಪಾ, ಫ್ರಿಜ್ಜಲ್ಲಿಡ್ತೀನಿ. ಎಷ್ಟು ಜನ ಬರ್ತಾರೆ? ಅಷ್ಟು ಸಾಲುತ್ತಾ?" ಇವನು ಬ್ಯಾಗು ಎಳೆದ, ಅವರೂ ಎಳೆದರು. ಗೆದ್ದದ್ದು ಅಕ್ಕನೇ. ಅವರು ಚಹಾಕ್ಕೆ ಏಳುವತನಕ ಕಪಾಟಿನ ಹಿಂದೆ ಅವಿತಿದ್ದು, ಫ್ರಿಜ್ಜಿನಿಂದ ತನ್ನ ಮಾಂಸವನ್ನು ತಾನೇ ಕದ್ದು, ಡಬ್ಬಿಗೆ ತುಂಬಿ, ಬೆವರೊರೆಸುತ್ತ ಪ್ರಯೋಗಾಲಯಕ್ಕೆ ಮುಟ್ಟಿಸಿದ.

ಸಂಜೆ ವಿಜ್ಞಾನಿ ಮೇಡಂ ಕರೆಸಿದರು. ಮುಖ ಗಂಟಿಕ್ಕಿತ್ತು.

"ಎಡಗಡೆಯ ಮಾಂಸ ನೋಡ್ರಿ. ಕೊಬ್ಬು ಅರ್ಧಕ್ಕರ್ಧ ಕಡಿಮೆ, ಪ್ರೋಟೀನ್ ಅಂತೂ ಬಲು ಚೆನ್ನಾಗಿದೆ. ನಿಮ್ಮ ಹುಳು ತಿಂದವುಗಳಲ್ಲಿ ಬರೀ ನೆಣ! ಹುಳುವಿನ ಮೇವು ಶುದ್ಧ ದಂಡ. ಪ್ರಯೋಗ ಇವತ್ತಿಗೇ ಬಂದ್. ನೀವೂ ಬೇರೆ ಕೆಲಸ ನೋಡ್ಕೊಳ್ಳಿ."

ಅಂಗಡಿಯ ಮಾಂಸ ಹೀಗೆ ಗೆದ್ದದ್ದು ಹೇಗೆ? ನೇರ ಕೋಳಿ ಅಂಗಡಿಗೆ ಓಡಿದ.

"ಏನ್ರೀ ಹಾಕ್ತೀರಿ ನಿಮ್ಮ ಕೋಳಿಗೆ?"

ಅಂಗಡಿಯವನು ಆಗಷ್ಟೇ ಫೋನ್ ಇಟ್ಟು, ಮೀಸೆಯಡಿ ನಕ್ಕ. "ಯಾರಿಗೂ ಹೇಳ್ಬೇಡಿ ಸಾರ್. ಹಿತ್ತಲಲ್ಲಿ ನಾನೇ ಸಾಕಿದವು. ಒಂದೂವರೆ ತಿಂಗಳಿಂದ ಬರೀ ಒಣಗಿದ ಹುಳು. ನನ್ನ ಷಡ್ಡಕ ವಾಚ್‌ಮನ್ ನೋಡಿ, ಕೋಳಿ ಕೇಂದ್ರದ ಚೀಲದಿಂದ ದಿನಾ ಒಂದು ಬಕೆಟ್ ತಂದುಕೊಡ್ತಿದ್ದ. ಮಾಂಸ ಹೇಗಿದೆ ಗೊತ್ತಾ? ಹತ್ತಿ ಹತ್ತಿ!"

ಇವನು ಮೇಡಂ ಬಳಿಗೆ ಓಡಲು ತಿರುಗಿ ಅಲ್ಲೇ ನಿಂತ. ನಿಜಕ್ಕೂ ಗೆದ್ದದ್ದು ಹುಳುವಿನ ಮೇವೇ. ಮೇಡಂಗೆ ಹೇಳಬೇಕೆಂದರೆ ಹಿಡಿ ಹುಳು, ತೌಡು, ಡಬ್ಬಿ ಮೂರನ್ನೂ ಒಪ್ಪಿಕೊಳ್ಳಬೇಕು.

"ಆದ್ರೆ ನಾಳೆಯಿಂದ ಹುಳು ಬರಲ್ವಂತೆ ಸಾರ್," ಅಂಗಡಿಯವನು ಕತ್ತಿ ಮಸೆಯುತ್ತ ಹಲ್ಲು ಕಡಿದ. "ಯಾವನೋ ಅಡ್ಡಕಸುಬಿ ಪ್ರಯೋಗಾನೇ ಕೆಡಿಸಿಬಿಟ್ಟನಂತೆ. ಅವನು ಯಾರೂಂತ ನಿಮಗೇನಾದ್ರೂ ಗೊತ್ತಾ?"